ಕೌದಿಯ ಹೊಟ್ಟೆ

ನನ್ನ ಎಡಗಾಲು ಮಡಚುವುದಿಲ್ಲ. ಊಟಕ್ಕೆ ಕೂತರೆ ಇಬ್ಬರ ಜಾಗ ಹಿಡಿಯುತ್ತದೆ. ದಾಟಿ ಹೋಗುವವರು ಎಡವುತ್ತಾರೆ, ಬೈದುಕೊಂಡು ಹೋಗುತ್ತಾರೆ. ಬೈಯಲಿ ಬಿಡಿ, ಕಾಲು ಇರುವುದಕ್ಕೇ ತಾನೆ ಎಡವುವುದು. ಬಾಗಲಕೋಟೆಯ ದವಾಖಾನೆಯಲ್ಲಿ ಇದೇ ಕಾಲಿನ ಮೇಲೆ ಕತ್ತರಿಸಲೆಂದು ಶಾಯಿಯಿಂದ ಗೆರೆ ಎಳೆದಿದ್ದರು.

ಮೊನ್ನೆ ನಮ್ಮ ಓಣಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ದನದ ಕೊಟ್ಟಿಗೆಯ ಹಿಂದೆ ಕೂತು ಅಳುತ್ತಿದ್ದಳು. ಸೀರೆ ಸರಿಸಿ ನೋಡಿದರೆ ಹಿಮ್ಮಡಿಯ ಮೇಲೆ ನೀರು ತುಂಬಿದ ಗುಳ್ಳೆ. ತವರಿನ ನೀರಿನಿಂದ ಬಂದ ನಾರು ಹುಣ್ಣು. "ನನಗೊಬ್ಬಾಕಿಗೇ ಯಾಕ ಹಿಂಗಾತು?" ಎಂದು ಕೇಳಿದಳು. ಎಂಥ ಮಾತು! ನಮ್ಮ ಕಾಲದಲ್ಲಿ ಬೇಸಿಗೆ ಬಂದರೆ ಊರಿಗೆ ಊರೇ ಕುಂಟುತ್ತಿತ್ತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೊಟ್ಟಿಗೆಯ ಹಿಂದೆ ಅಳುವವರು ಇನ್ನೂ ಇರಬಹುದು.

ನಾನು ಇಲಕಲ್ಲಿನ ನೇಕಾರರ ಮಗಳು, ನೀಲವ್ವ. ನಾಲ್ಕನೇ ಇಯತ್ತೆಯವರೆಗೆ ಸಾಲಿ ಕಲಿತೆ. ಆಮೇಲೆ ಬದಾಮಿ ಹತ್ತಿರದ ಕಲ್ಲು ಒಡೆಯುವವರ ಮನೆಗೆ ಕೊಟ್ಟರು. ಗಂಡನ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಹೇಳುವುದಿಲ್ಲ. ಬೈದದ್ದನ್ನು ಮಾತ್ರ ಒಂದೂ ಬಿಡದೆ ಹೇಳುತ್ತೇನೆ. ಇವರು ದೊಡ್ಡ ಆಳು, ಅಂಗೈ ಮುಟ್ಟಿದರೆ ಕಲ್ಲು ಮುಟ್ಟಿದ ಹಾಗೆ. ಬಂಡೆಯನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿ ಇಟ್ಟು ಕೇಳಿ, ಎಲ್ಲಿ ಪೊಳ್ಳಿದೆ, ಎಲ್ಲಿ ಒಡೆದೀತು ಎಂದು ಹೇಳುತ್ತಿದ್ದರು. ಆದರೆ ತಾಳ್ಮೆ ಎಂಬುದನ್ನು ಇವರ ಮೈಯಲ್ಲಿ ದೇವರು ಇಡಲೇ ಇಲ್ಲ.

ಪ್ಲೇಗಿನ ವರ್ಷಗಳವು. ಎಲ್ಲರಿಗೂ ಪ್ಲೇಗಿನದೇ ಭಯ. ನಾರಿಗೆ ಯಾರೂ ಹೆದರುತ್ತಿರಲಿಲ್ಲ, ಸೈರಿಸುತ್ತಿದ್ದರು ಅಷ್ಟೇ. ನನಗೆ ಮೊಣಕಾಲ ಕೆಳಗೆ ಗುಳ್ಳೆ ಎದ್ದಿತು. ಉರಿ ಎಂದರೆ ಕೆಂಡ ಕಟ್ಟಿದ ಉರಿ. ಗುಳ್ಳೆ ಒಡೆದು ಬಿಳಿ ದಾರದ ತುದಿಯಂಥದ್ದು ಹೊರಗೆ ಬಂತು. ಅದು ಹುಳ. ತೊಗರಿ ಕಟ್ಟಿಗೆಯ ಸಿಬಿರಿಗೆ ಅದರ ತುದಿಯನ್ನು ಸುತ್ತಿ ಕಾಲಿಗೆ ಕಟ್ಟುತ್ತಾರೆ. ದಿನಕ್ಕೆ ಒಂದು ಸುತ್ತು, ಅದು ತಾನಾಗಿ ಬಿಟ್ಟುಕೊಟ್ಟಷ್ಟೇ. ಎಳೆಯುವಂತಿಲ್ಲ. ಹರಿದರೆ ಒಳಗೆ ಉಳಿದದ್ದು ಕೊಳೆತು ಕಾಲನ್ನೇ ತಿನ್ನುತ್ತದೆ. ನಮ್ಮ ಅತ್ತೆಗೆ ಈ ಕೆಲಸ ಚೆನ್ನಾಗಿ ಬರುತ್ತಿತ್ತು. ದಿನಾ ಮುಂಜಾನೆ ನನ್ನ ಕಾಲು ತೊಡೆಯ ಮೇಲಿಟ್ಟುಕೊಂಡು, ಉಸಿರು ಬಿಗಿಹಿಡಿದು, ಒಂದು ಸುತ್ತು ಸುತ್ತುತ್ತಿದ್ದರು. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

"ಇಲಕಲ್ಲಿನಾಕಿ ಅಂತ ಹೆಮ್ಮೀಲೆ ತಂದ್ವಿ. ನಮ್ಮ ನೀರ ಕುಡದ ವರ್ಷಕ್ಕ ನಮ್ಮಾಕಿ ಆದಿ ನೋಡ," ಎನ್ನುತ್ತಿದ್ದರು.

ಕೂತಲ್ಲೇ ಕೂರಬೇಕಿತ್ತಲ್ಲ, ಕೌದಿ ಹೊಲಿಯಲು ಹಿಡಿದೆ. ನಮ್ಮ ಓಣಿಯಲ್ಲಿ ಕೌದಿಗೆ ಬಟ್ಟೆಯನ್ನು ಬರೀ ಮನೆಯದೇ ಹಾಕುವುದಿಲ್ಲ. ಒಂದೇ ಬಾವಿಯ ನೀರು ಕುಡಿಯುವ ಮನೆಗಳೆಲ್ಲ ಒಂದೊಂದು ಹಳೆಯ ತುಂಡು ಕೊಡುತ್ತವೆ. ಬಡಿಗೇರರ ಮನೆಯ ಕುಪ್ಪಸ, ಕುರುಬರ ಮುದುಕಪ್ಪನ ಹರಿದ ಅಂಗಿ, ಪಕ್ಕದ ಮನೆಯ ಹುಸೇನಬಿಯ ಗಂಡನ ಲುಂಗಿ, ಎಲ್ಲ ಬಂದವು. ಕಡೆಗೆ ನಟ್ಟನಡುವೆ ಅಂಗೈಯಗಲದ ಒಂದು ತೇಪೆಯನ್ನು ಮೂರು ಕಡೆ ಹೊಲಿದು ಒಂದು ಕಡೆ ಬಿಡಬೇಕು. ಅದು ಕೌದಿಯ ಹೊಟ್ಟೆ. ಅದರೊಳಗೆ ಹೋಳಿಗೆಯ ಚೂರೋ ರೊಟ್ಟಿಯ ಚೂರೋ ಇಟ್ಟು ಬಾಯಿ ಹೊಲಿಯುತ್ತಾರೆ. ಹಸಿದ ಕೌದಿ ಹೊದ್ದವರ ಮೈಯನ್ನೇ ತಿನ್ನುತ್ತದಂತೆ.

ಎಲ್ಲರೂ ಚೌಕ ಚೌಕವಾಗಿ ಹೊಲಿಯುತ್ತಾರೆ. ನನಗೆ ಅದು ಬೇಸರ. ಇವರು ಕಲ್ಲು ಒಡೆಯುವ ಗುಡ್ಡದ ಕೆಂಪು ಕಣ್ಣಲ್ಲಿತ್ತು. ತವರಿನ ಸೀರೆಯ ಕೆಂಪು ಸೆರಗನ್ನು ಸೊಟ್ಟಸೊಟ್ಟ ಕತ್ತರಿಸಿ ಒಂದು ಅಂಚಿಗೆ ಜೋಡಿಸಿದೆ. ಮಲಪ್ರಭೆ ಬೇಸಿಗೆಯಲ್ಲಿ ಹರಿಯುವಷ್ಟು ತೆಳ್ಳಗೆ ಒಂದು ಬಿಳಿ ಪಟ್ಟಿ. ಜೋಳ ಕೊಯ್ದ ಹೊಲದ ಬಣ್ಣಕ್ಕೆ ಮುದುಕಪ್ಪನ ಅಂಗಿ. ನಡುವೆ, ಹೊಟ್ಟೆ ಬರುವ ಜಾಗದ ಸುತ್ತ, ಕಪ್ಪು ನೀಲಿ ತುಂಡುಗಳನ್ನು ಒಂದರ ಒಳಗೊಂದು ಇಳಿಯುವ ಹಾಗೆ ಹೊಲಿದೆ.

"ಇದರಾಗ ಚೌಕ ಎಲ್ಲೈತಿ? ನಾಯಿ ಹರದ ಹಾಕಿದಂಗ ಐತಿ," ಎಂದರು ಅತ್ತೆ.

"ಗುಡ್ಡ ಚೌಕ ಇರತೈತೇನ್ರಿ ಅತ್ತಿ?"

"ಗುಡ್ಡ ಹೊದಕೊಂಡ ಮಲಗತಿಯೇನ ಮತ್ತ?"

ಹುಸೇನಬಿ ಮಾತ್ರ ತಲೆ ಓರೆ ಮಾಡಿ ಬಹಳ ಹೊತ್ತು ನೋಡಿದಳು. ನಡುವಿನ ನೀಲಿಯ ಮೇಲೆ ಬೆರಳಿಟ್ಟು, "ಇದು ನಮ್ಮ ಬಾವಿ ಹೌದಲ್ಲೋ?" ಎಂದಳು. ನನಗಾದ ಸಂತೋಷಕ್ಕೆ ಅರೆಗಳಿಗೆ ಉರಿ ಮರೆತುಹೋಯಿತು.

ಅರ್ಧಕ್ಕಿಂತ ಹೆಚ್ಚು ಹುಳ ಹೊರಗೆ ಬಂದಿತ್ತು. ಒಂದು ಮಧ್ಯಾಹ್ನ ಅತ್ತೆ ನೀರಿಗೆ ಹೋಗಿದ್ದರು. ಇವರು ಊಟಕ್ಕೆ ಬಂದರು. ಅಂದು ಉರಿ ಮಿತಿಮೀರಿತ್ತು, ನಾನು ಗೋಡೆಗೆ ತಲೆ ಬಡಿದುಕೊಂಡು ಕೂಗುತ್ತಿದ್ದೆ. ಇವರು ರೊಟ್ಟಿ ಮುಟ್ಟಲಿಲ್ಲ. ನನ್ನ ಮುಂದೆ ಕೂತರು. ಎದ್ದರು. ಮತ್ತೆ ಕೂತರು.

"ದಿನಕ್ಕೊಂದ ಸುತ್ತ, ದಿನಕ್ಕೊಂದ ಸುತ್ತ! ಎಲ್ಲಿತನಾ ಇದು? ಕಲ್ಲಾಗ ಸಿಕ್ಕ ಬೆಣಿ ನಾ ಒಂದ ಏಟಿಗೆ ಕೀಳ್ತೇನಿ."

"ಮುಟ್ಟಬ್ಯಾಡ್ರಿ," ಎಂದೆ. "ನಿಮ್ಮ ಕಾಲಿಗೆ ಬೀಳ್ತೇನಿ, ಮುಟ್ಟಬ್ಯಾಡ್ರಿ."

ಸಿಬಿರು ಹಿಡಿದು ಎಳೆದೇಬಿಟ್ಟರು. ಸದ್ದೇನೂ ಆಗಲಿಲ್ಲ. ಇವರ ಕೈಯಲ್ಲಿ ಸಿಬಿರಿತ್ತು, ಅದಕ್ಕೊಂದು ತುಂಡು ಬಿಳಿ ದಾರ ಜೋತಾಡುತ್ತಿತ್ತು, ಉಳಿದದ್ದು ಒಳಗೆ ಸರಕ್ಕನೆ ಹೋಯಿತು. ಕಾಲಿನೊಳಗೆ ಕಾದ ಎಣ್ಣೆ ಸುರಿದ ಹಾಗಾಯಿತು. ಕೈಗೆ ಸಿಕ್ಕಿದ್ದು ಹಿತ್ತಾಳೆ ತಂಬಿಗೆ. ಬೀಸಿ ಹೊಡೆದೆ. ಇವರ ಹುಬ್ಬು ಸೀಳಿ ನೆತ್ತರು ಮೂಗಿನ ಮೇಲಿಂದ ಇಳಿಯಿತು. ಕಣ್ಣು ಒರೆಸಿಕೊಳ್ಳಲಿಲ್ಲ, ತಪ್ಪಿಸಿಕೊಳ್ಳಲಿಲ್ಲ. ಇನ್ನೊಮ್ಮೆ ಹೊಡೆದೆ. ಅಷ್ಟರಲ್ಲಿ ಅತ್ತೆ ಬಂದರು. ಕೊಡ ಬಾಗಿಲಲ್ಲೇ ಬಿತ್ತು. ಮಗನನ್ನು ಕಸಬರಿಗೆಯಿಂದ ಹೊಡೆಯಲು ಶುರು ಮಾಡಿ ಊದುಗೊಳವಿಯಲ್ಲಿ ಮುಗಿಸಿದರು.

"ಕೂಗು ಕೇಳಾಕ ಆಗಲಿಲ್ಲಬೇ," ಎಂದರು ಇವರು. ಇಷ್ಟೇ ಅವರ ಕೈಫಿಯತ್ತು.

ಅಂದಿನಿಂದ ಮಾತು ಬಿಟ್ಟೆ. ಕೌದಿಯಲ್ಲಿ ಇವರ ಹಳೆಯ ಧೋತರದ ತೇಪೆಗಳಿದ್ದವು. ಕಾಲು ಉರಿಯುತ್ತಿದ್ದಾಗಲೇ ಅವನ್ನೆಲ್ಲ ಹಲ್ಲಿನಿಂದ ದಾರ ಕಡಿದು ಕಿತ್ತು ಒಲೆಗೆ ಹಾಕಿದೆ. ಈಗ ನನ್ನ ಕೌದಿಯಲ್ಲಿ ಹುಸೇನಬಿಯ ಗಂಡನ ಲುಂಗಿ ಇತ್ತು, ನನ್ನ ಗಂಡನದು ಒಂದು ನೂಲೂ ಇರಲಿಲ್ಲ.

ಕಾಲು ಊದಿ ಕುಂಬಳಕಾಯಿಯಾಯಿತು. ಜ್ವರ. ವಾಸನೆ ಎಂಥದೆಂದರೆ ನನಗೇ ನನ್ನ ಹತ್ತಿರ ಇರಲಾಗುತ್ತಿರಲಿಲ್ಲ. ಕುಡುಗೋಲು ಕಾಯಿಸಿ ಬರೆ ಹಾಕಿದರು. ಹಿಡಿದುಕೊಂಡವರಲ್ಲಿ ಇವರೂ ಇದ್ದರು. ಇವರ ಮುಂಗೈಯನ್ನು ಉಗುರಿನಿಂದ ಎಲುಬಿನವರೆಗೆ ಗೀರಿದೆ. ಕಡೆಗೆ ತೊಡೆಯ ಸಂದಿನಲ್ಲಿ ನಿಂಬೆಹಣ್ಣಿನಂಥ ಗಂಟು ಎದ್ದಿತು, ಪ್ಲೇಗಿನಲ್ಲಿ ಏಳುವಂಥದ್ದೇ. ಅದನ್ನು ನೋಡಿ ಅತ್ತೆಯ ಬಾಯಿ ಮೊದಲ ಸಲ ನಿಂತಿತು. ಬಾಗಲಕೋಟೆಗೆ ಒಯ್ಯುವುದೆಂದಾಯಿತು.

ಹುಸೇನಬಿಯ ಗಂಡ ಚಕ್ಕಡಿ ಹೂಡಿ ಬದಾಮಿ ಸ್ಟೇಷನ್ನಿಗೆ ತಂದುಬಿಟ್ಟ. ಮುಗಿಯದ ಕೌದಿಯಲ್ಲೇ ನನ್ನನ್ನು ಸುತ್ತಿ ಇವರು ರೈಲಿನೊಳಗೆ ಎತ್ತಿಟ್ಟರು, ಅತ್ತೆಯೂ ಹತ್ತಿದರು. ಡಬ್ಬಿ ಕುಲುಕಿದಾಗ ನಾನು ತೊಡೆಸಂದು ಹಿಡಿದುಕೊಂಡು ಚೀರಿದೆ. ಅಷ್ಟು ಸಾಕಾಯಿತು.

"ಗಂಟು! ಪ್ಲೇಗು!" ಎಂದು ಒಬ್ಬ ಕೂಗಿದ.

ಡಬ್ಬಿಯೇ ಎದ್ದು ನಿಂತಿತು. ಹೆಂಗಸರು ಮಕ್ಕಳನ್ನು ಎದೆಗೆ ಅವಚಿಕೊಂಡು ಮೂಲೆ ಸೇರಿದರು. ಗಂಡಸರು ನನ್ನ ಕೌದಿಯ ತುದಿ ಹಿಡಿದು ಬಾಗಿಲ ಕಡೆ ಎಳೆದರು. ಗಾಡಿ ಓಡುತ್ತಿತ್ತು. ಇವರು ಒಬ್ಬನ ಎದೆಗೆ ಗುದ್ದಿದರು, ಇನ್ನೊಬ್ಬ ಇವರ ಬೆನ್ನಿಗೆ ಕೋಲಿನಿಂದ ಬಾರಿಸಿದ. ಬಾಗಿಲಾಚೆ ನೆಲ ಹಿಂದೆ ಹಿಂದೆ ಓಡುವುದು ಕಾಣಿಸಿತು; ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆಗ ನಮ್ಮ ಅತ್ತೆ, ಪರಗಂಡಸರ ಮುಂದೆ ತಲೆ ಮೇಲಿನ ಸೆರಗು ಎಂದೂ ಇಳಿಸದವರು, ನನ್ನ ಸೀರೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಹುಣ್ಣಿನ ಬಟ್ಟೆ ಕಿತ್ತೊಗೆದರು.

"ನೋಡ್ರಿ! ಕಣ್ಣ ಬಿಟ್ಟ ನೋಡ್ರಿ! ನಾರ ಐತಿ ಇದು, ನಾರ! ನಿಮ್ಮ ಕಾಲಾಗ ಯಾರಿಗೂ ಆಗಿಲ್ಲೇನು? ತೋರಸ್ರಿ ನಿಮ್ಮ ಕಾಲು!"

ಕೀವು ಡಬ್ಬಿಯ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಆಮೇಲೆ, ಮೊದಲು ಕೂಗಿದವನೇ ಧೋತರ ಸರಿಸಿದ. ಅವನ ಮೀನಖಂಡದ ಮೇಲೆ ಹಳೆಯ ನಾರಿನ ಕಲೆ, ನಾಲ್ಕಾಣೆಯಷ್ಟು ಅಗಲ. ಇನ್ನೊಬ್ಬಳು ಮೂಲೆಯಿಂದ ಪಾದ ಮುಂದೆ ಚಾಚಿದಳು. ಜಾಗ ಬಿಟ್ಟರು. ಒಬ್ಬ ಮುದುಕಿ ತಾನು ಕಟ್ಟಿಕೊಂಡು ಬಂದ ಮಜ್ಜಿಗೆಯನ್ನು ನನ್ನ ಬಾಯಿಗೆ ಹನಿಸಿದಳು. ಆ ಮಜ್ಜಿಗೆಯ ರುಚಿ ಇವತ್ತಿಗೂ ನಾಲಗೆಯ ಮೇಲಿದೆ.

ದವಾಖಾನೆಯ ಪಡಸಾಲೆಯಲ್ಲಿ ಮಧ್ಯಾಹ್ನದವರೆಗೆ ಮಲಗಿದ್ದೆ. ಅಲ್ಲಿ ಕಾಯುವವರಿಗೆ ಒಂದೇ ಕೆಲಸ, ಒಬ್ಬರ ರೋಗ ಇನ್ನೊಬ್ಬರು ಕೇಳುವುದು. ಕಲಾದಗಿಯಿಂದ ಬಂದವನೊಬ್ಬ ತನ್ನ ಕಣ್ಣಿನ ಪುರಾಣ ಹೇಳಿ ಹೇಳಿ ನನ್ನನ್ನು ನಗಿಸಿದ. ನಗು ಬಂದದ್ದಕ್ಕೆ ಅಳು ಬಂತು. ಕಂಪೌಂಡರ ಬಂದು ಕೌದಿಯ ವಾಸನೆಗೆ ಮೂಗು ಮುಚ್ಚಿಕೊಂಡ.

"ಇದನ್ನ ಸುಡಬೇಕು. ಬಿಡವಾ."

ಬಿಡಲಿಲ್ಲ. ಅವನು ಎಳೆದ. ನಾನು ಅವನ ಮಣಿಕಟ್ಟನ್ನು ಕಚ್ಚಿದೆ, ನೆತ್ತರು ಬರುವ ಹಾಗೆ ಕಚ್ಚಿದೆ. ಅವನ ಚೀರಾಟಕ್ಕೆ ದಾಕ್ತರರು ಹೊರಗೆ ಬಂದರು. ಕನ್ನಡಕ ಏರಿಸಿ ನನ್ನನ್ನೊಮ್ಮೆ, ಕೌದಿಯನ್ನೊಮ್ಮೆ ನೋಡಿ, "ಹಲ್ಲಿಗೇನೂ ರೋಗ ಇಲ್ಲ," ಎಂದರು. ಕೌದಿಯನ್ನು ಸುಡಲಿಲ್ಲ. ಹಂಡೆಯಲ್ಲಿ ಕುದಿಸಿ ಒಣಹಾಕಿಸಿದರು. ಬಣ್ಣ ಒಂದಕ್ಕೊಂದು ಹತ್ತಿ ಗುಡ್ಡದ ಕೆಂಪು ಹೊಳೆಗೆ ಇಳಿದಿತ್ತು. ಇದ್ದದ್ದಕ್ಕಿಂತ ಚೆಂದವೇ ಆಯಿತು.

ಹುಣ್ಣು ಕೊಯ್ದದ್ದನ್ನು ಹೆಚ್ಚು ಬರೆಯಲಾರೆ. ಮೂಗಿಗೆ ಹಿಡಿದ ಔಷಧಿಯಿಂದ ನನಗೆ ಪೂರ್ತಿ ಎಚ್ಚರ ತಪ್ಪಲಿಲ್ಲ. ಕತ್ತರಿ ಮಾಂಸದೊಳಗೆ ಮಾಡುವ ಸದ್ದು ಬಟ್ಟೆಯಲ್ಲಿ ಮಾಡುವ ಸದ್ದೇ. ನಾನು ಅಷ್ಟು ಬಟ್ಟೆ ಕತ್ತರಿಸಿದವಳು, ಗುರುತು ಸಿಕ್ಕಿತು. ಒಂದು ಬೋಗುಣಿ ತುಂಬ ಕೀವು ತೆಗೆದರು, ಕೊಳೆತ ಹುಳದ ಚೂರುಗಳನ್ನು ತೆಗೆದರು. ಆಮೇಲೆ ತೊಡೆಯ ಮೇಲೆ ಶಾಯಿಯ ಗೆರೆ ಎಳೆದರು.

"ಕೊಳತ ಮಾಂಸದ ಕಪ್ಪು ಈ ಗೆರಿ ದಾಟಿದ್ರ ಕಾಲ ತಗೀಬೇಕಾಗತೈತಿ. ಇಲ್ಲಂದ್ರ ಜೀವಾ ಹೋಗತೈತಿ. ದಾಟಲಿಲ್ಲಂದ್ರ ಕಾಲ ನಿಂದು," ಎಂದರು. ಆಮೇಲೆ ಇವರ ಕಡೆ ತಿರುಗಿ, "ನಿಮ್ಮೂರಾಗ ನೀರ ಹೆಂಗ ತುಂಬತೀರಿ?" ಎಂದು ಕೇಳಿದರು.

"ಪಾವಟಿಗಿ ಬಾವಿ ಐತ್ರಿ. ಮೆಟ್ಟಲ ಇಳದ, ನೀರಾಗ ನಿಂತ ತುಂಬತೇವಿ."

"ಹುಣ್ಣ ಆದವರೂ?"

"ಅವರ ಮದಲ ಇಳೀತಾರ್ರಿ. ನೀರಾಗ ಇಟ್ರ ಉರಿ ಕಡಿಮಿ ಆಗತೈತಿ."

"ಅಲ್ಲೇ ಹುಳದ ಮರಿ ನೀರಿಗಿ ಬೀಳತಾವಪಾ. ಆ ನೀರ ಕುಡದವರಿಗೆ ಮುಂದಿನ ವರ್ಷ ನಾರು. ಪಾವಟಿಗಿ ಇರೂತನಕ ನಿಮಗ ಬಿಡುಗಡಿ ಇಲ್ಲ."

ಇವರು ಎದ್ದು ಹೊರಗೆ ಹೋದರು. ಸಂಜೆ ನೋಡಿದರೆ ಇಲ್ಲ. ಮರುದಿನವೂ ಇಲ್ಲ. ಅತ್ತೆ ನನ್ನ ಮುಖ ನೋಡಲಾರದೆ ನೀರು ತರುವ ನೆಪದಲ್ಲಿ ಹೊರಗೆ ಹೊರಗೇ ಇರುತ್ತಿದ್ದರು. ಓಡಿಹೋದ ಎಂದುಕೊಂಡೆ. ಹೌದು, ಏಕವಚನದಲ್ಲೇ ಅಂದುಕೊಂಡೆ. ಕುಂಟಿಯ ಜೊತೆ ಬಾಳುವುದಕ್ಕಿಂತ ಕಲ್ಲಿನ ಜೊತೆ ಬಾಳುವುದು ಹಗುರ ಅನ್ನಿಸಿರಬೇಕು.

ಆ ದಿನಗಳಲ್ಲಿ ನನಗಿದ್ದದ್ದು ಆ ಗೆರೆ ಮತ್ತು ಕೌದಿ. ಗೆರೆ ನೋಡುವುದು, ಹೆದರುವುದು, ಹೊಲಿಯುವುದು. ದಾಕ್ತರರ ಮಾತು ತಲೆಯಲ್ಲಿ ತಿರುಗುತ್ತಿತ್ತು. ಹಾಗಾದರೆ ನನ್ನ ಹುಳ ಯಾರ ಕಾಲಿನಿಂದ ಬಂದದ್ದು? ತೇಪೆಗಳ ಮೇಲೆ ಬೆರಳಿಟ್ಟು ಒಬ್ಬೊಬ್ಬರನ್ನೇ ಕೇಳಿದೆ. ಬಡಿಗೇರರ ಮನೆಯವಳಿಗೆ ಹೋದ ವರ್ಷ ನಾರು ಆಗಿತ್ತು. ಮುದುಕಪ್ಪನಿಗೂ. ಹುಸೇನಬಿಗೂ ಆಗಿತ್ತು, ಅವಳು ಕೆಳಗಿನ ಪಾವಟಿಗೆಯ ಮೇಲೆ ಕಾಲು ಬಿಟ್ಟು ಕೂತಾಗ ಪಕ್ಕದಲ್ಲೇ ನಾನು ಕೊಡ ತುಂಬಿದ್ದೆ. ಸಿಟ್ಟು ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟೆ, ಯಾರ ಮೇಲೂ ಬರಲಿಲ್ಲ. ಅವರೆಲ್ಲ ನನಗೆ ಬಟ್ಟೆಯನ್ನೂ ಕೊಟ್ಟಿದ್ದರು, ಹುಳವನ್ನೂ ಕೊಟ್ಟಿದ್ದರು, ಎರಡೂ ಒಂದೇ ಬಾವಿಯ ದೆಸೆಯಿಂದ. ಇದ್ದ ಸಿಟ್ಟೆಲ್ಲ ಕೌದಿಯಲ್ಲಿ ಇಲ್ಲದ ಒಬ್ಬರ ಮೇಲೇ ಉಳಿಯಿತು.

ಒಂದು ಮುಂಜಾನೆ ಹುಸೇನಬಿ ಬಂದಳು. ಸೆರಗಿನ ತುಂಬ ನೆತ್ತರು ಒಣಗಿತ್ತು.

"ನಿನ್ನ ಗಂಡನ್ನ ಕರಕೊಂಡ ಬಂದೇನಿ," ಎಂದಳು. "ಗಂಡಸರ ಪಡಸಾಲ್ಯಾಗ ಮಲಗ್ಯಾನ. ತಲಿ ಹೊಲ್ಯಾಕ ಹತ್ಯಾರ. ಜೀವಕ್ಕೇನೂ ಇಲ್ಲ, ಅಂಜಬ್ಯಾಡ."

"ಏನಾತು?"

"ಬಾವಿ ಪಾವಟಿಗಿ ಒಡದಾನ."

ಊರಿಗೆ ಹೋದವರು ಮನೆಗೂ ಹೋಗಿರಲಿಲ್ಲ. ದೊಡ್ಡ ಸುತ್ತಿಗೆ ಹಿಡಿದು ನೇರ ಬಾವಿಗೆ ಇಳಿದಿದ್ದರು. ಯಾಕೆ, ಏನು, ಒಬ್ಬರಿಗೂ ಹೇಳಲಿಲ್ಲ. ಹೇಳಲು ತಾಳ್ಮೆ ಎಲ್ಲಿಯದು? ನೀರಿಗೆ ಮುಟ್ಟುವ ಕೆಳಗಿನ ಪಾವಟಿಗೆಗಳನ್ನೆಲ್ಲ ಒಡೆದೊಡೆದು ಮೇಲಕ್ಕೆ ಬರುತ್ತಿದ್ದಾಗ ಊರಿನವರು ಓಡಿ ಬಂದರು. ಗಂಗವ್ವನ ಗುಡಿ ಇದ್ದ ಬಾವಿ. ಹೆಂಡತಿಯ ಸಂಕಟಕ್ಕೆ ಹುಚ್ಚು ಹಿಡಿಯಿತು ಅಂದರು ಕೆಲವರು, ನೀರು ಕೆಡಿಸಲು ಬಂದ ಅಂದರು ಕೆಲವರು. ಬಡಿಗೆಗಳು ಬಿದ್ದವು. ಬಡಿಗೇರ ಹೊಡೆದ, ಮುದುಕಪ್ಪನ ಮಕ್ಕಳು ಹೊಡೆದರು. ನನ್ನ ಕೌದಿಯಲ್ಲಿ ಇದ್ದವರೇ ಹೊಡೆದರು. ತಲೆಯ ರುಮಾಲು ನೆತ್ತರಲ್ಲಿ ನೆನೆದು ಬಿಚ್ಚಿಹೋದ ಮೇಲೂ ಇವರು ಸುತ್ತಿಗೆ ಬಿಡಲಿಲ್ಲವಂತೆ. ಹುಸೇನಬಿ ಅಡ್ಡ ಬಿದ್ದಳು, ಅವಳ ಬೆನ್ನಿಗೂ ಎರಡು ಬಿದ್ದವು.

"ನಡುವ ಒಂದ ಮಾತ ಒದರಿದ," ಎಂದಳು. "'ನೀರಾಗ ಕಾಲ ಇಡಬ್ಯಾಡ್ರಿ, ಆಕಿ ಕಾಲ ಹೊಂಟೈತಿ' ಅಂತ. ಅವರು ಎಲ್ಲಿ ಕೇಳ್ತಾರ?"

ನಾನು ಬೈಯಲು ಬಾಯಿ ತೆರೆದೆ. ಕೌದಿ ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಎಂಥ ಮನುಷ್ಯ ಇವರು! ಹುಳವನ್ನೂ ಒಂದೇ ಏಟಿಗೆ, ಬಾವಿಯನ್ನೂ ಒಂದೇ ಏಟಿಗೆ. ಒಂದು ದಿನ ತಡೆದು ನಾಲ್ಕು ಜನರಿಗೆ ತಿಳಿಸಿ ಹೇಳಿದ್ದರೆ ತಲೆಯಾದರೂ ಉಳಿಯುತ್ತಿತ್ತು.

"ಆ ರುಮಾಲ ಎಲ್ಲೈತಿ?" ಎಂದು ಕೇಳಿದೆ.

ಹುಸೇನಬಿ ಗಂಟಿನಿಂದ ತೆಗೆದು ಕೊಟ್ಟಳು. ಒಣಗಿ ಹಪ್ಪಳವಾಗಿತ್ತು. ತಲೆದಿಂಬಿನ ಕೆಳಗೆ ಇಟ್ಟುಕೊಂಡೆ.

ಕಾಲಿನ ಕಪ್ಪು ಆ ಗೆರೆಯ ಹತ್ತಿರ ಬಂದು ನಿಂತಿತು. ದಾಕ್ತರರು ದಿನಾ ಬಂದು, ಬಗ್ಗಿ ನೋಡಿ, ಏನೂ ಹೇಳದೆ ಹೋಗುತ್ತಿದ್ದರು. ಆ ಮೌನಕ್ಕಿಂತ ಕತ್ತರಿ ವಾಸಿಯಿತ್ತು. ಆಮೇಲೊಂದು ದಿನ ಒದ್ದೆ ಬಟ್ಟೆಯಿಂದ ಆ ಗೆರೆಯನ್ನು ತಾವೇ ಒರೆಸಿದರು. "ಮಡಚಾಕ ಬರೂದಿಲ್ಲ. ಆದ್ರ ಕಾಲ ನಿಂದು," ಎಂದರು. ಅತ್ತೆ ದಾಕ್ತರರ ಪಾದ ಹಿಡಿದುಕೊಂಡು ಅತ್ತರು. ನಾನು ಕಚ್ಚಿದ ಕಂಪೌಂಡರನೂ ಬಾಗಿಲಲ್ಲಿ ನಿಂತು ನಗುತ್ತಿದ್ದ.

ಊರಿಗೆ ಬಂದಾಗ ನಮ್ಮನ್ನು ಯಾರೂ ಮಾತಾಡಿಸಲಿಲ್ಲ. ಕೆಳಗಿನ ಪಾವಟಿಗೆ ಇಲ್ಲದ್ದರಿಂದ ಜನ ಮೇಲೆ ನಿಂತು ಹಗ್ಗದಿಂದ ನೀರು ಸೇದುತ್ತಿದ್ದರು, ಸೇದುವಾಗೊಮ್ಮೆ ಇವರಿಗೆ ಶಾಪ ಹಾಕುತ್ತಿದ್ದರು. ಮರುವರ್ಷವೂ ನಾರು ಬಂತು. ಅದು ಹಳೆಯ ನೀರಿನದು. ಅದರ ಮುಂದಿನ ಬೇಸಿಗೆಯಲ್ಲಿ ಓಣಿಯಲ್ಲಿ ಕೂಗು ಕೇಳಲಿಲ್ಲ. ಬಡಿಗೇರ ಒಂದು ಸಂಜೆ ತಾನಾಗಿ ಬಂದು ಬಾವಿಗೊಂದು ಹಗ್ಗದ ಗಡಗಡೆ ಕೂರಿಸಿ ಹೋದ. ತಪ್ಪಾಯಿತು ಎಂದು ಅವನೂ ಅನ್ನಲಿಲ್ಲ, ಇವರೂ ಕೇಳಲಿಲ್ಲ.

ಆದರೆ ಕೌದಿ ಮುಗಿದದ್ದು ಅದಕ್ಕೂ ಮೊದಲೇ, ದವಾಖಾನೆಯಿಂದ ಬಂದ ವಾರದಲ್ಲಿ. ಕಾಲು ಚಾಚಿ ಕೂತು, ಅದರ ಮೇಲೇ ಕೌದಿ ಹರಡಿ, ಬಾವಿಯ ನಟ್ಟನಡುವಿನ ತೇಪೆಯನ್ನು ಮೂರು ಕಡೆ ಹೊಲಿದೆ. ಅತ್ತೆ ಹೋಳಿಗೆಯ ಚೂರು ತಂದರು. ಅಷ್ಟರಲ್ಲಿ ನಾನು ಬಾಯಿ ಹೊಲಿದು ದಾರ ಕಡಿದಿದ್ದೆ.

"ಹೊಟ್ಟಿ ಖಾಲಿ ಹೊಲದೇನ, ಹುಚ್ಚಿ?"

"ಖಾಲಿ ಇಲ್ರಿ ಅತ್ತಿ. ಹಾಕೇನಿ."

ಅತ್ತೆ ನನ್ನ ಮುಖ ನೋಡಿದರು. ಹೋಳಿಗೆ ಚೂರನ್ನು ನನ್ನ ಬಾಯಿಗೇ ಇಟ್ಟು ಒಳಗೆ ಹೋದರು.

ಇವರು ಗುಡ್ಡದಿಂದ ಬಂದರು. ತಲೆಯ ಹೊಲಿಗೆ ಇನ್ನೂ ಹಸಿಯಿತ್ತು. ನಾನು ಆಗಲೂ ಮಾತಾಡುತ್ತಿರಲಿಲ್ಲ. ಕೌದಿಯ ಅಂಚಿನಲ್ಲಿ ಕೂತು ಒಂದೊಂದೇ ತೇಪೆ ನೋಡುತ್ತ ಹೋದರು. ಲುಂಗಿ, ಕುಪ್ಪಸ, ಅಂಗಿ. ತಮ್ಮನ್ನು ಹೊಡೆದವರೆಲ್ಲ ಅಲ್ಲಿದ್ದರು. ತಮ್ಮದು ಹುಡುಕುತ್ತಿದ್ದಾರೆಂದು ನನಗೆ ಗೊತ್ತಾಯಿತು. ಸಿಗಲಿಲ್ಲ. ತಲೆ ಬಗ್ಗಿಸಿದರು. ಎದ್ದುಹೋಗಬಹುದೆಂದು ಕಾದೆ, ಹೋಗಲಿಲ್ಲ. ಮಾಡಲು ಬೇರೇನೂ ತೋಚದೆ, ಬಂಡೆ ಬಡಿಯುವವರಂತೆ ಬೆರಳ ಗೆಣ್ಣಿನಿಂದ ಕೌದಿಯನ್ನು ಮೆಲ್ಲಗೆ ತಟ್ಟುತ್ತ ಬಂದರು. ಗುಡ್ಡ ತಟ್ಟಿದರು, ಹೊಳೆ ತಟ್ಟಿದರು. ಕೆಳಗಿನ ನನ್ನ ಕಾಲಿಗೆ ನೋವಾಗದ ಹಾಗೆ, ಒಂದಿಷ್ಟೂ ಅವಸರವಿಲ್ಲದೆ. ಬಾವಿಯ ನಡುವೆ ಬಂದಾಗ ನೆತ್ತರು ಒಣಗಿದ ಬಟ್ಟೆಯ ಚೂರು ಒಳಗೆ ಕರಕ್ ಎಂದಿತು.

ಕೈ ಅಲ್ಲೇ ನಿಂತಿತು. ಇನ್ನೊಮ್ಮೆ ಒತ್ತಿ ನೋಡಿದರು.

"ಇಲ್ಲೇನೋ ಐತಿ," ಎಂದರು.

"ಇರಲಿ, ಕೀಳಬ್ಯಾಡ್ರಿ," ಎಂದೆ.